ಹನ್ನೊಂದಕ್ಕೆ ಭಾಗ

ಸೂತಕದಲ್ಲಿ ಹೊಲಿಗೆ ಮಿಷನ್ ತುಳಿಯುವ ಹಾಗಿಲ್ಲ. ಗಿರಾಕಿಗಳ ರವಿಕೆ ಬಟ್ಟೆಗಳನ್ನೆಲ್ಲ ಒಂದು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟೆ. ಮಿಷನ್ ಮೇಲೆ ಬಟ್ಟೆ ಮುಚ್ಚಿ ಮುಂದಿನ ಕೋಣೆಗೆ ಚಿಲಕ ಹಾಕಿದೆ. ತೀರಿಕೊಂಡದ್ದು ಚಿಕ್ಕಪ್ಪ, ಗೋಡೆಯ ಆ ಕಡೆಯ ಮನೆಯಲ್ಲಿ. ನಮ್ಮ ಮನೆ ಭಾಗವಾಗಿ ನಲವತ್ತು ವರ್ಷದ ಮೇಲಾಯಿತು, ಆದರೂ ಸೂತಕ ಎರಡೂ ಕಡೆಗೆ. ತಂಗಿ ಸರೋಜ ಮದುವೆಯಾಗಿ ಪದ್ಮನಾಭನಗರಕ್ಕೆ ಹೋದವಳು, ಅವಳಿಗೆ ಮೂರೇ ದಿನ. ಮದುವೆಯಾಗದೆ ಹುಟ್ಟಿದ ಮನೆಯಲ್ಲೇ ಉಳಿದ ನನಗೆ ಪೂರ್ತಿ ಹನ್ನೊಂದು. ಹೊಲ, ಮನೆ, ಹಿತ್ತಲು, ಒರಳುಕಲ್ಲು ಎಲ್ಲವನ್ನೂ ಹಂಚಿಕೊಳ್ಳಬಹುದು, ಸೂತಕವನ್ನು ಹಂಚಿಕೊಳ್ಳುವುದಕ್ಕೆ ಬರುವುದಿಲ್ಲ. ಕೆಲಸವಿಲ್ಲದ ಆ ದಿನಗಳಲ್ಲಿ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದುಕೊಂಡು ಭಾಗಾಕಾರ ಮಾಡುತ್ತ ಕೂತೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಸರಿಯಾಗಿ ಮೂವತ್ತೈದು ತೆಗೆದವಳು ನಾನು. ನಾನು ಲೆಕ್ಕ ಮಾಡುವುದನ್ನು ನೋಡಿದ್ದರೆ ಚಿಕ್ಕಪ್ಪ ನಗುತ್ತಿದ್ದ. ಮನೆ ಒಡೆದವನು ಪುಟ್ಟಸ್ವಾಮಿ ಎಂದು ಯಡಿಯೂರಿನ ನಮ್ಮ ಬೀದಿಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಪುಟ್ಟಸ್ವಾಮಿ ನನ್ನ ಚಿಕ್ಕಪ್ಪ. ಆ ಮಾತು ಸುಳ್ಳು. ಅದು ಸುಳ್ಳೆಂದು ಗೊತ್ತಿದ್ದೂ ನಾನು ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಅದಕ್ಕೇ ಈ ಬರಹ.

ಜಯನಗರದ ರಸ್ತೆಗಳು ಗೆರೆ ಎಳೆದ ಹಾಗಿವೆ, ನಮ್ಮ ಹಳೇ ಊರಿನ ಬೀದಿಗಳು ದನ ನಡೆದ ಹಾಗೆ. ಹೊಲಗಳೆಲ್ಲ ಸೈಟುಗಳಾಗಿ, ಮನೆಗಳು ಮಾತ್ರ ಇದ್ದಲ್ಲೇ ಉಳಿದುಕೊಂಡಿದ್ದ ಕಾಲದಲ್ಲಿ ನಾನು ಹುಟ್ಟಿದ್ದು. ನಮ್ಮದು ಕೆರೆಯಿಂದ ಎರಡು ಬೀದಿ ಈಚೆಗೆ. ಜಗುಲಿ, ಅದರ ಹಿಂದೆ ಉದ್ದನೆಯ ನಡುಮನೆ, ನಡುಮನೆಯ ಎರಡು ಪಕ್ಕ ಎರಡು ಕೋಣೆ, ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು. ನಡುಮನೆಗೆ ಕೆಂಪು ಗಾರೆಯ ನೆಲ. ಅಮ್ಮ ಮತ್ತು ಚಿಕ್ಕಮ್ಮ ವಾರಕ್ಕೊಮ್ಮೆ ಅದನ್ನು ತೆಂಗಿನ ಚಿಪ್ಪಿನಿಂದ ಉಜ್ಜುತ್ತಿದ್ದರು, ಮುಖ ಕಾಣುವಷ್ಟು. ಹೊಲ ಹೋಗಿದ್ದರೂ ಅಜ್ಜಿ ಹೊಲದ ಅಭ್ಯಾಸಗಳನ್ನು ಬಿಟ್ಟಿರಲಿಲ್ಲ. ಹಿತ್ತಲಿನಲ್ಲಿ ನಾಲ್ಕು ಸಾಲು ಅವರೆ, ಬದನೆ, ಒಂದು ನುಗ್ಗೇಮರ, ಕೋಳಿಗಳು. ರಾಗಿಯನ್ನು ಕನಕಪುರದ ಕಡೆಯ ನೆಂಟರಿಂದ ಮೂಟೆಗಟ್ಟಲೆ ತರಿಸಿ ತಾನೇ ಕೇರಿ ತಾನೇ ಮಿಲ್ಲಿಗೆ ಕಳಿಸಬೇಕು. ಅಂಗಡಿ ಹಿಟ್ಟು ಮನೆಯೊಳಗೆ ಬಂದರೆ ಆ ದಿನ ಅಜ್ಜಿಗೆ ಹೊಟ್ಟೆನೋವು.

ಅಜ್ಜಿಯ ಕಟ್ಟಲೆಗಳಲ್ಲಿ ಎರಡನ್ನು ಯಾರೂ ಮೀರುವ ಹಾಗಿರಲಿಲ್ಲ. ಒಂದು, ಮಾಡಿದ ಅಡುಗೆಯ ತಳ ಬಳಿಯಬಾರದು. ಎಷ್ಟೇ ಹಸಿವಿದ್ದರೂ ಪಾತ್ರೆಯಲ್ಲಿ ಒಂದು ತುತ್ತು ಉಳಿಯಬೇಕು. ಬಳಿದು ಸೊನ್ನೆ ಮಾಡಿದರೆ ಮನೆಗೆ ಆಗಿಬರುವುದಿಲ್ಲ. ಇನ್ನೊಂದು, ಊಟಕ್ಕೆ ಕೂತವರನ್ನು ಎಣಿಸಬಾರದು. ಎಣಿಸಿದರೆ ಕಮ್ಮಿಯಾಗುತ್ತಾರೆ. ಆದರೆ ಮುದ್ದೆ ಕಟ್ಟುವವಳು ಎಣಿಸದೆ ಕಟ್ಟುವುದು ಹೇಗೆ? ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಣ್ಣಬೇಕೆಂಬುದು ಅಜ್ಜಿಯದೇ ಹಠ. ಅವತ್ತು ಅಮ್ಮ ಒಲೆಯ ಮುಂದೆ ಬೆವರುತ್ತ "ಸಾಕಾ, ಇನ್ನೊಂದು ಬೇಕಾ" ಎಂದು ಗೊಣಗುವುದು, ಒಂದು ಮುದ್ದೆ ಹೆಚ್ಚೋ ಒಂದು ಮುದ್ದೆ ಕಡಿಮೆಯೋ ಆಗುವುದು, ಕಡಿಮೆಯಾದ ದಿನ ತಾನು ಅನ್ನ ಉಂಡು ಏಳುವುದು ನಡೆದೇ ಇತ್ತು. ಇದನ್ನು ಬಗೆಹರಿಸಿದವನು ಚಿಕ್ಕಪ್ಪ, ಒಂದು ಸಂಖ್ಯೆಯಿಂದ.

ಚಿಕ್ಕಪ್ಪ ಎಂಟನೇ ಕ್ಲಾಸಿನವರೆಗೆ ಓದಿದವನು. ಹತ್ತಿರದ ಒಂದು ಕಾಲೇಜಿನಲ್ಲಿ ಅಟೆಂಡರ್. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಒಯ್ಯುವುದು, ಪಾಠ ಮುಗಿದ ಮೇಲೆ ಬೋರ್ಡು ಒರೆಸುವುದು ಅವನ ಕೆಲಸ. ಅಂಗಿಯ ಜೇಬು ಯಾವಾಗಲೂ ಚಾಕ್‌ಪೀಸಿನ ಪುಡಿಯಿಂದ ಬೆಳ್ಳಗೆ. ಬೇರೆ ಅಟೆಂಡರುಗಳು ಒರೆಸಿ ಹೋಗುತ್ತಿದ್ದರು, ಇವನು ಓದಿ ಒರೆಸುತ್ತಿದ್ದ. ಚರಿತ್ರೆಯ ಬೋರ್ಡು ಅವನಿಗೆ ಬೇಗ ಬೇಸರವಾಗುತ್ತಿತ್ತಂತೆ. ಲೆಕ್ಕದ ಬೋರ್ಡಿನ ಮುಂದೆ ಮಾತ್ರ ಡಸ್ಟರ್ ಹಿಡಿದುಕೊಂಡು ನಿಂತೇ ಇರುತ್ತಿದ್ದ. ಅಲ್ಲಿನ ಲೆಕ್ಕದ ಮೇಷ್ಟ್ರೊಬ್ಬರು ಅದನ್ನು ಗಮನಿಸಿದ್ದರು. ಒಂದು ದಿನ ತರಗತಿ ನಡೆಯುತ್ತಿರುವಾಗಲೇ ಅವನನ್ನು ಒಳಗೆ ಕರೆದರು. ಆ ಸಂಜೆ ಚಿಕ್ಕಪ್ಪ ಮನೆಗೆ ಬಂದು ಕಾಲು ತೊಳೆಯುವುದಕ್ಕೂ ಮೊದಲೇ ನಡುಮನೆಯ ಕೆಂಪು ನೆಲದ ಮೇಲೆ ಎಂಟು ಅಂಕಿ ಬರೆದ.

73939133.

"ಅಯ್ಯೋ, ಬೆಳಗ್ಗೆ ತಾನೆ ಉಜ್ಜಿದ ನೆಲ ಕಣೋ," ಎಂದಳು ಅಜ್ಜಿ.

"ಒರೆಸ್ತೀನಿ ಇರವ್ವ. ಒರೆಸೋದೇ ಇದರ ಮಜಾ. ಇದು ಅವಿಭಾಜ್ಯ."

"ಹಂಗಂದ್ರೆ?"

"ಯಾವುದರಲ್ಲೂ ಭಾಗ ಆಗಲ್ಲ. ಎಷ್ಟು ಪಾಲು ಮಾಡಿದ್ರೂ ಸಮ ಬರಲ್ಲ, ಏನಾದ್ರೂ ಮಿಕ್ಕೇ ಮಿಗುತ್ತೆ."

ಅಜ್ಜಿಗೆ ನಂಬಿಕೆ ಬರಲಿಲ್ಲ. ಚಿಕ್ಕಪ್ಪ ಅಡುಗೆಮನೆಯಿಂದ ಒಂದು ಹಿಡಿ ಹುಣಿಸೇಬೀಜ ತಂದು ಏಳನ್ನು ನೆಲದ ಮೇಲಿಟ್ಟ. ಎರಡು ಸಾಲು ಮಾಡಿದರೆ ಒಂದು ಬೀಜ ಉಳಿಯಿತು, ಮೂರು ಸಾಲು ಮಾಡಿದರೂ ಒಂದು ಉಳಿಯಿತು. ಅಜ್ಜಿ ತಾನೇ ಜೋಡಿಸಿ ನೋಡಿದಳು. ಆಮೇಲೆ, "ಒಳ್ಳೇದು ಬಿಡು. ಮಿಗಬೇಕು," ಎಂದಳು. ತಳ ಬಳಿಯಬಾರದು ಎನ್ನುವವಳಿಗೆ ಶೇಷ ಉಳಿಯುವ ಸಂಖ್ಯೆ ಹಿಡಿಸಿತು.

ಚಿಕ್ಕಪ್ಪ ಹೆಬ್ಬೆರಳಿನಿಂದ ಕೊನೆಯ 3ನ್ನು ಒರೆಸಿದ. 7393913. "ಈಗಲೂ ಭಾಗ ಆಗಲ್ಲ." ಇನ್ನೊಂದು 3 ಒರೆಸಿದ. 739391. "ಈಗಲೂ ಆಗಲ್ಲ." 73939, 7393, 739, 73, ಕೊನೆಗೆ ಬರೀ 7. ಬಲಗಡೆಯಿಂದ ಒಂದೊಂದೇ ಅಂಕಿ ಹೋದರೂ ಉಳಿದದ್ದು ಪ್ರತಿಸಲವೂ ಅವಿಭಾಜ್ಯವೇ. ಮೇಷ್ಟ್ರು ಇದನ್ನು ಹುಡುಗರಿಗೆ ತೋರಿಸುವಾಗ ಒರೆಸುವುದಕ್ಕೆ ಚಿಕ್ಕಪ್ಪನನ್ನೇ ನಿಲ್ಲಿಸಿಕೊಂಡಿದ್ದರಂತೆ. "ಪುಟ್ಟಸ್ವಾಮಿ, ಒಂದು ಒರೆಸಿ," ಎನ್ನುವರು. ಒರೆಸಿದ ಮೇಲೆ ಹುಡುಗರು "ಅವಿಭಾಜ್ಯ ಸಾರ್" ಎನ್ನುವರು. ಇಷ್ಟು ವರ್ಷ ಪಾಠ ಮುಗಿದ ಮೇಲೆ ಒರೆಸುತ್ತಿದ್ದವನು ಅವತ್ತು ಒಂದೇ ದಿನ ಪಾಠದೊಳಗೆ ಒರೆಸಿದ್ದ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಹೀಗೆ ಬಲದಿಂದ ಕಳೆಯುತ್ತ ಹೋದರೂ ಒಡೆಯದ ಸಂಖ್ಯೆಗಳು ಬೇಕಾದಷ್ಟಿವೆ, ಅವುಗಳಲ್ಲೆಲ್ಲ ಇದೇ ದೊಡ್ಡದು, ಇದಕ್ಕಿಂತ ದೊಡ್ಡದಿಲ್ಲ ಎಂದು ಮೇಷ್ಟ್ರು ಹೇಳಿದರಂತೆ.

"ಬಲಗಡೆಗೆ ಇನ್ನೊಂದಂಕಿ ಸೇರಿಸಕ್ಕಾಗಲ್ಲವ್ವ. ಒಂದು ಇಟ್ಟರೆ ಮೂರರಲ್ಲಿ ಭಾಗ ಆಗೋಗುತ್ತೆ, ಏಳು ಇಟ್ಟರೂ ಅಷ್ಟೆ. ಏನಿಟ್ಟರೂ ಆಗಲ್ಲ. ಎಂಟಕ್ಕೆ ಮುಗೀತು."

ನಾವು ಮನೆಯಲ್ಲಿ ಸರಿಯಾಗಿ ಎಂಟು ಜನ. ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿ, "ಕೇಳಿಸ್ಕೊಂಡಾ? ಇನ್ನು ಮಗು ಬೇಡ ಅಂತಾನೆ ನಿನ್ನ ಗಂಡ," ಎಂದಳು. ಚಿಕ್ಕಮ್ಮ ಕಂಕುಳಲ್ಲಿದ್ದ ಮಗ ಮಂಜುವನ್ನು ಮೇಲಕ್ಕೆ ಸರಿಸಿಕೊಂಡು, "ಸಾಕು ಬಿಡಿ ಅತ್ತೆ," ಎಂದು ಒಳಗೆ ಹೋದಳು. ಅಮ್ಮ ಅಡುಗೆಮನೆಯಲ್ಲಿ ನಗುವುದು ಕೇಳಿಸಿತು.

ಆ ಭಾನುವಾರದಿಂದ ಚಿಕ್ಕಪ್ಪ ನಮಗೆಲ್ಲ ಒಂದೊಂದು ಅಂಕಿ ಹಂಚಿದ. ಅಜ್ಜಿಗೆ 7. ಅಪ್ಪನಿಗೆ 3, ಅಮ್ಮನಿಗೆ 9. ತನಗೂ 3, ಚಿಕ್ಕಮ್ಮನಿಗೂ 9. ಅಣ್ಣತಮ್ಮಂದಿರಿಬ್ಬರೂ ಒಂದೇ, ವಾರಗಿತ್ತಿಯರಿಬ್ಬರೂ ಒಂದೇ, ಜಗಳ ಬೇಡ ಎಂದ. ನನಗೆ 1. ಸರೋಜನಿಗೆ 3, ಮಂಜುವಿಗೆ 3. "ನಂಗ್ಯಾಕೆ ಬರೀ ಒಂದು?" ಎಂದು ನಾನು ಅತ್ತಿದ್ದು ನೆನಪಿದೆ. "ಎಲ್ಲರಿಗೂ ಜೋಡಿ ಇದೆ ಜಯಿ, ಏಳಕ್ಕೂ ಒಂದಕ್ಕೂ ಇಲ್ಲ. ನೀನೂ ಅಜ್ಜೀನೂ ಒಂದು ಗುಂಪು," ಎಂದ. ಅಳು ನಿಂತಿತು. ಊಟದ ಹೊತ್ತಿಗೆ ಗೋಡೆಯ ಉದ್ದಕ್ಕೂ ಅದೇ ಸಾಲಿನಲ್ಲಿ ಕೂರುತ್ತಿದ್ದೆವು, ಹಿತ್ತಲ ಬಾಗಿಲ ಹತ್ತಿರ ಅಜ್ಜಿ, ಈ ತುದಿಗೆ ಮಂಜು. ಚಿಕ್ಕಪ್ಪ ಗಟ್ಟಿಯಾಗಿ ಕೂಗುತ್ತಿದ್ದ, "ಏಳು ಮೂರು ಒಂಬತ್ತು ಮೂರು ಒಂಬತ್ತು ಒಂದು ಮೂರು ಮೂರು." ಒಂದಂಕಿಗೆ ಒಂದು ಮುದ್ದೆ. ಅಮ್ಮನ ಲೆಕ್ಕ ಮತ್ತೆ ತಪ್ಪಲಿಲ್ಲ. ಯಾರೂ ಯಾರನ್ನೂ ಎಣಿಸಿದ ಹಾಗೂ ಆಗಲಿಲ್ಲ. ಅಜ್ಜಿ ಕೆಲವು ವಾರ ಅನುಮಾನದಿಂದ ನೋಡಿದಳು, ಆಮೇಲೆ ತಾನೂ ಕೂಗುವುದಕ್ಕೆ ಶುರುಮಾಡಿದಳು. ಅಪ್ಪ ಮಾತ್ರ ಇದಕ್ಕೆ ಸೇರಲಿಲ್ಲ. ಅವನು ಪಕ್ಕದ ಬಡಾವಣೆಯಲ್ಲಿ ಸಿಮೆಂಟ್ ಅಂಗಡಿ ನೋಡಿಕೊಳ್ಳುತ್ತಿದ್ದ, ಮಾತು ಕಮ್ಮಿ. "ನಿಮ್ಮ ಮಂತ್ರ ಮುಗೀತಾ? ಮುದ್ದೆ ಆರ್ತಾ ಇದೆ," ಎನ್ನುವನು ಅಷ್ಟೆ. ಯಾವ ಅಂಕಿ ಯಾರದೆಂದು ಅವನು ಕೊನೆಗೂ ಕೇಳಲಿಲ್ಲ.

ಬೇಸಿಗೆ ರಜೆಯಲ್ಲಿ ಮಂಜುವನ್ನು ಚಿಕ್ಕಮ್ಮನ ತವರಿನವರು ಕರೆದುಕೊಂಡು ಹೋದರೆ ಸಾಲಿನ ತುದಿಯ ಮೂರು ಬಿಟ್ಟು ಕೂಗುತ್ತಿದ್ದೆವು. ಸರೋಜಳೂ ಜೊತೆಗೆ ಹೋದರೆ ಇನ್ನೊಂದು ಮೂರೂ ಇಲ್ಲ. "ನೋಡ್ದಾ, ಆದ್ರೂ ಭಾಗ ಆಗಲ್ಲ," ಎನ್ನುವನು ಚಿಕ್ಕಪ್ಪ. ಮಕ್ಕಳು ಬೆಳೆದು ಹೊರಗೆ ಹೋಗುತ್ತಾರೆ, ಹೋದರೂ ಮನೆ ಮನೆಯಾಗಿಯೇ ಇರುತ್ತದೆ ಎಂಬುದು ಅದರೊಳಗಿದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಎಲ್ಲರೂ ಬಲಗಡೆಯಿಂದಲೇ ಹೋಗುತ್ತಾರೆ ಎಂದುಕೊಂಡಿದ್ದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಹಿತ್ತಲಲ್ಲಿ ಕೋಳಿ ಅಟ್ಟಿಸಿಕೊಂಡು ಹೋಗಿ ಕಾಲು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ನಡುಮನೆಯ ಮೂಲೆಯಲ್ಲಿ ಮಂಚ ಹಾಕಿ ಮಲಗಿಸಿದರು. ಭಾನುವಾರ ಅವಳ ಜಾಗ ಖಾಲಿ. ಚಿಕ್ಕಪ್ಪ ಏಳನ್ನು ಬಿಡದೆ ಕೂಗಿದ, ಅಮ್ಮ ಒಂದು ಮುದ್ದೆಯನ್ನು ಮಂಚದ ಹತ್ತಿರಕ್ಕೆ ಒಯ್ದಳು, ಅಜ್ಜಿ ಅದರಲ್ಲಿ ಕಡಲೇಕಾಳಷ್ಟು ಮುರಿದು ಬಾಯಿಗಿಟ್ಟುಕೊಂಡಳು. ಮಾರನೆಯ ದಿನ ಚಿಕ್ಕಪ್ಪ ಕೆಲಸದಿಂದ ಬಂದಾಗ ನಾನು ಜಗುಲಿಯ ಮೇಲೆ ಕೂತಿದ್ದೆ.

"ಚಿಕ್ಕಪ್ಪ, ಎಡಗಡೆಯಿಂದ ಒರೆಸಿದ್ರೆ?"

"ಹಂಗೆ ಒರೆಸಲ್ಲ. ಬಲಗಡೆಯಿಂದಲೇ ಒರೆಸೋದು."

"ಅಜ್ಜಿ ಇಲ್ದೆ ಇದ್ರೆ ಭಾಗ ಆಗುತ್ತಾ?"

ಅವನು ಒಳಗೆ ನೋಡಿದ. "ಮೆಲ್ಲಗೆ ಮಾತಾಡು," ಎಂದ. ನಾನು ಬಿಡಲಿಲ್ಲ. ಹೇಳು ಹೇಳು ಎಂದು ಅವನ ಅಂಗಿ ಎಳೆದೆ. ಅವನಿಗೂ ತಿಳಿದುಕೊಳ್ಳುವ ಆಸೆ ಇತ್ತೆಂದು ಈಗ ಅನಿಸುತ್ತದೆ. ಜಗುಲಿಯ ಕಲ್ಲಿನ ಮೇಲೆ 3939133 ಎಂದು ಬರೆದ. ಎರಡರಲ್ಲಿ ಹೋಗಲ್ಲ. ಅಂಕಿಗಳನ್ನು ಕೂಡಿದರೆ ಮೂವತ್ತೊಂದು, ಅದು ಮೂರರಲ್ಲಿ ಹೋಗಲ್ಲ. ಐದರಲ್ಲಿ ಹೋಗಲ್ಲ. ಏಳರಲ್ಲಿ ಭಾಗಿಸಿದ, ಶೇಷ ಎರಡು ಉಳಿಯಿತು. ನನ್ನ ಕಡೆ ನೋಡಿ ನಕ್ಕ. ಆಮೇಲೆ ಹನ್ನೊಂದರಲ್ಲಿ ಶುರುಮಾಡಿದ. ಮೂರು, ಐದು, ಎಂಟು ಎಂದು ಒಂದೊಂದೇ ಅಂಕಿ ಇಳಿಸುತ್ತ ಹೋದ. ಕೊನೆಗೆ ಮೂವತ್ತಮೂರು ಬಂತು. ಹನ್ನೊಂದು ಮೂರಲ ಮೂವತ್ತಮೂರು. ಶೇಷ ಸೊನ್ನೆ. 358103 ಎಂಬ ಉತ್ತರ ಕಲ್ಲಿನ ಮೇಲೆ ಬೆಳ್ಳಗೆ ಕೂತಿತ್ತು. ಚಿಕ್ಕಪ್ಪ ಇನ್ನೊಂದು ಸಲ ಮಾಡಿದ. ಮತ್ತೆ ಅದೇ.

"ನಾಳೆ ಮರೆತುಹೋಗುತ್ತೆ, ಬರೆದುಕೊಡು," ಎಂದೆ ನಾನು. ಅವನು ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆಯ ಒಂದು ಚೂರು ಹರಿದು, ಅವಸರದಲ್ಲಿ ಒಂದು ಸಾಲು ಬರೆದು ನನ್ನ ಕೈಗೆ ಕೊಟ್ಟ. ಕಲ್ಲಿನ ಮೇಲಿನದನ್ನು ಅಂಗೈಯಿಂದ ಒರೆಸಿದ. ಅಷ್ಟರಲ್ಲಿ ಅಪ್ಪನ ಸೈಕಲ್ ಬಂತು. ನಾನು ಓಡಿಹೋಗಿ ಚೀಟಿಯನ್ನು ನಡುಮನೆಯ ಕ್ಯಾಲೆಂಡರಿನ ಹಿಂದಕ್ಕೆ ಸಿಕ್ಕಿಸಿದೆ. ಆ ವಾರವೇ ಅಜ್ಜಿ ಹೋದಳು.

ತಿಲಕ್ ನಗರದಿಂದ ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ, ಬಂದು ಹನ್ನೊಂದು ದಿನವೂ ನಮ್ಮ ಮನೆಯಲ್ಲೇ ಉಳಿದಳು. ಅಳುವುದರ ನಡುವೆ ಒಂದೇ ಮಾತನ್ನು ಹೇಳುತ್ತಿದ್ದಳು. "ಸೊಂಟ ಮುರಿದೋರೆಲ್ಲ ಸಾಯ್ತಾರಾ? ಈ ಮನೇಲಿ ಯಾರೋ ಸಾವಿನ ಮಾತಾಡಿ ಬಾಯಿ ಇಟ್ಟಿದಾರೆ. ಯಾರು ಅಂತ ಗೊತ್ತಾಗಲಿ." ಬಾಯಿ ಇಟ್ಟವಳು ನಾನೇ ಎಂದು ನನಗೆ ಖಚಿತವಾಗಿತ್ತು. ಎಣಿಸಿದರೆ ಕಮ್ಮಿಯಾಗುತ್ತಾರೆ ಎಂದಿದ್ದಳು ಅಜ್ಜಿ. ನಾನು ಎಣಿಸಿದ್ದಷ್ಟೇ ಅಲ್ಲ, ಅಜ್ಜಿಯನ್ನು ಕಳೆದೂ ನೋಡಿದ್ದೆ. ದೊಡ್ಡತ್ತೆ ಊಟಕ್ಕೆ ಕರೆದರೆ ತಲೆ ಎತ್ತದೆ ಹೋಗಿ ಕೂರುತ್ತಿದ್ದೆ.

ಒಂಬತ್ತನೆಯ ದಿನ ಹನ್ನೊಂದಕ್ಕೆ ಯಾರನ್ನು ಕರೆಯಬೇಕೆಂದು ಹಿರಿಯರೆಲ್ಲ ನಡುಮನೆಯಲ್ಲಿ ಕೂತಿದ್ದರು. ತಿಥಿ ನೋಡುವುದಕ್ಕೆ ಅಪ್ಪ ಗೋಡೆಯಿಂದ ಕ್ಯಾಲೆಂಡರ್ ತೆಗೆದ. ಚೀಟಿ ಅವನ ಕಾಲ ಮೇಲೆ ಬಿತ್ತು. ಎತ್ತಿಕೊಂಡು ಮೊದಲು ಮನಸ್ಸಿನಲ್ಲೇ ಓದಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಓದಿದ.

"ಅವ್ವ ಇಲ್ಲದಿದ್ದರೆ ಹನ್ನೊಂದಕ್ಕೆ ಭಾಗ. ಶೇಷ ಸೊನ್ನೆ."

ಆ ಎರಡು ಮಾತನ್ನು ಆ ಹೊತ್ತಿನಲ್ಲಿ ಆ ನಡುಮನೆಯಲ್ಲಿ ಕೇಳಿದವರಿಗೆ ಒಂದೇ ಅರ್ಥ. ಹನ್ನೊಂದು ಎಂದರೆ ಹನ್ನೊಂದನೆಯ ದಿನ. ಭಾಗ ಎಂದರೆ ಮನೆಯ ಪಾಲು. ಶೇಷ ಸೊನ್ನೆ ಎಂದರೆ ಏನನ್ನೂ ಉಳಿಸದೆ.

"ಪುಟ್ಟ, ಇದು ನಿನ್ನ ಅಕ್ಷರ ತಾನೆ?"

"ಹೂಂ ಅಣ್ಣ."

"ಯಾವಾಗ ಬರೆದಿದ್ದು? ಅವ್ವ ಮಲಗಿದ್ದಾಗಲಾ?"

"ಹೂಂ. ಅಣ್ಣ, ಅದು ಲೆಕ್ಕ."

"ಲೆಕ್ಕಾನೇ ಕಣಪ್ಪ. ನನಗೆ ಕಾಣಲ್ವಾ? ಅವ್ವ ಇನ್ನೂ ಉಸಿರಾಡ್ತಾ ಇದ್ದಾಗ ಇಂಥ ಲೆಕ್ಕ ಹಾಕೋ ಅಂತ ಯಾರು ಹೇಳಿದ್ರು ನಿನಗೆ? ಅದು ಹೇಳು ಸಾಕು."

ಚಿಕ್ಕಪ್ಪ ಬಾಯಿ ತೆರೆದ. ನಾನು ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದೆ, ಪಕ್ಕದಲ್ಲೇ ದೊಡ್ಡತ್ತೆ. ಅವನ ಕಣ್ಣು ನನ್ನ ಮೇಲೆ ಬಿತ್ತು, ಅಲ್ಲಿಂದ ದೊಡ್ಡತ್ತೆಯ ಮೇಲೆ. ನಾನು ನನ್ನ ಕಾಲ್ಬೆರಳು ನೋಡಿಕೊಂಡೆ. ಅವನು ಬಾಯಿ ಮುಚ್ಚಿಕೊಂಡ.

"ಯಾರೂ ಹೇಳಲಿಲ್ಲ. ನಾನೇ ಹಾಕಿದ್ದು," ಎಂದ.

ಅಪ್ಪ ಕೂಗಾಡುವವನಲ್ಲ. ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. "ಹನ್ನೊಂದಕ್ಕೆ ಬೇಕು ಅಂತ ಬರೆದಿದೀಯ. ಹನ್ನೊಂದಕ್ಕೇ ತಗೋ," ಎಂದ. ಹನ್ನೊಂದನೆಯ ದಿನ ಎಲೆ ಎತ್ತಿದ ಮೇಲೆ ಅದೇ ಹಿರಿಯರನ್ನು ಕೂರಿಸಿಕೊಂಡು ಮನೆ ಭಾಗ ಮಾಡಿದರು. ಚಿಕ್ಕಪ್ಪ ಯಾವುದನ್ನೂ ಬೇಕು ಎನ್ನಲಿಲ್ಲ, ಯಾವುದನ್ನೂ ಬೇಡ ಎನ್ನಲಿಲ್ಲ. ಅಡುಗೆಮನೆ ನಮ್ಮ ಕಡೆಗೆ, ಒರಳುಕಲ್ಲು ಅವರ ಕಡೆಗೆ. ನುಗ್ಗೇಮರ ಅವರಿಗೆ, ಅದರ ಕೊಂಬೆಗಳು ನಮಗೆ. ತಿಂಗಳೊಳಗೆ ನಡುಮನೆಯ ಮಧ್ಯೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು, ಅಪ್ಪನ ಅಂಗಡಿಯದೇ ಸಿಮೆಂಟ್. ಕೆಂಪು ನೆಲವನ್ನು ಅಗೆಯದೆ ಅದರ ಮೇಲೇ ಕಟ್ಟಿದರು. ಇವತ್ತಿಗೂ ನೋಡಿದರೆ ನೆಲ ಗೋಡೆಯ ಅಡಿಯಲ್ಲಿ ಆ ಕಡೆಗೆ ಹೋಗುವುದು ಕಾಣುತ್ತದೆ.

ಈ ಕಡೆ ಅಪ್ಪ, ಅಮ್ಮ, ನಾನು, ಸರೋಜ. ಆ ಕಡೆ ಚಿಕ್ಕಪ್ಪ, ಚಿಕ್ಕಮ್ಮ, ಮಂಜು. ಮೊದಲ ಭಾನುವಾರ ನಾನು ಕಿವಿಗೊಟ್ಟು ಕೂತೆ. ಆ ಕಡೆಯಿಂದ ಕೂಗು ಬರಲಿಲ್ಲ, ತಟ್ಟೆ ಇಡುವ ಸದ್ದು ಮಾತ್ರ ಬಂತು. ನಾನು ಸ್ಲೇಟಿನ ಮೇಲೆ ಅವರದನ್ನು ಬರೆದು ನೋಡಿದೆ, 393. ಕೂಡಿದರೆ ಹದಿನೈದು, ಮೂರರಲ್ಲಿ ಭಾಗವಾಗುತ್ತದೆ. ನಮ್ಮದು 3913, ಏಳರಲ್ಲಿ ಭಾಗವಾಗುತ್ತದೆ. ಎರಡು ಕಡೆಯೂ ಶೇಷ ಸೊನ್ನೆ. ಸ್ಲೇಟ್ ಒರೆಸಿದೆ. ಆಮೇಲೆ ಶಾಲೆಯಲ್ಲಿ ಭಾಗಾಕಾರ ಬಂದಾಗಲೆಲ್ಲ ನನ್ನ ಕೈ ನಿಲ್ಲುತ್ತಿತ್ತು. ಮೇಷ್ಟ್ರು ಸೋಮಾರಿ ಎಂದರು, ಅಮ್ಮ ಮಂದಬುದ್ಧಿ ಎಂದಳು. ಇರಬಹುದು. ಗೋಡೆಯ ಆ ಕಡೆ ಲೆಕ್ಕ ಹೇಳಿಕೊಡುವವನೊಬ್ಬ ಇದ್ದ, ಹೋಗುವ ಹಾಗಿರಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಅಪ್ಪನ ಮುಂದೆ ಹೋಗಿ ನಿಂತಿದ್ದೇನೆ. "ಏನು?" ಎನ್ನುತ್ತಿದ್ದ. "ಏನಿಲ್ಲ," ಎನ್ನುತ್ತಿದ್ದೆ. ಒಂದು ವರ್ಷ ಹೇಳದೆ ಇದ್ದ ಮೇಲೆ, ಹೇಳದೆ ಇದ್ದದ್ದಕ್ಕೂ ಉತ್ತರ ಕೊಡಬೇಕಾಗುತ್ತದೆ. ಹೀಗೆ ಅದು ಬೆಳೆಯಿತು.

ಅಪ್ಪ ಹೋದಾಗ ಚಿಕ್ಕಪ್ಪ ತಲೆ ಬೋಳಿಸಿಕೊಂಡು ಹನ್ನೊಂದು ದಿನವೂ ಆ ಕಡೆ ಚಾಪೆಯ ಮೇಲೆ ಮಲಗಿದ. ಯಾರೂ ಕರೆದಿರಲಿಲ್ಲ. ಅದಾದ ಮೇಲೆ ಹೋಗಿ ಬರುವುದು ಶುರುವಾಯಿತು, ಹಬ್ಬಕ್ಕೆ ಒಬ್ಬಟ್ಟು, ಅವರೆಕಾಲದಲ್ಲಿ ಹಿಸುಕಿದ ಬೇಳೆ ಸಾರು. ಅಮ್ಮ ತೀರಿಕೊಂಡ ವಾರ ಅವನು ನನ್ನ ಮಿಷನ್ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತ. ಆಗ ಅವನಿಗೆ ರಿಟೈರ್ ಆಗಿ ಎಷ್ಟೋ ವರ್ಷವಾಗಿತ್ತು, ಜೇಬಿನಲ್ಲಿ ಚಾಕ್‌ಪೀಸ್ ಮಾತ್ರ ಇನ್ನೂ ಇತ್ತು. ನನ್ನ ಕತ್ತರಿ ಹಲಗೆಯ ಮೇಲೆ ಬರೆದ.

"ನಿಮ್ಮಪ್ಪ ಹೋದಾಗ 939133, ಹದಿಮೂರರಲ್ಲಿ ಭಾಗ ಆಗ್ತಿತ್ತು ಜಯಿ. ಈಗ ನೋಡು, 39133. ಮತ್ತೆ ಭಾಗ ಆಗಲ್ಲ. ನೂರ ತೊಂಬತ್ತೇಳರವರೆಗೆ ನೋಡಿದೀನಿ."

"ಚಿಕ್ಕಪ್ಪ, ಅವತ್ತು ಆ ಚೀಟಿ..."

"ಅದು ಲೆಕ್ಕ ತಾನೆ," ಎಂದು ಎದ್ದು ಹೋದ.

ಈಗ ಅವನೂ ಇಲ್ಲ. ಒಂಬತ್ತನೆಯ ದಿನ ಆ ಕಡೆಯ ಮನೆಯಲ್ಲಿ ಕೂತಿದ್ದೆವು. ದೂರದ ನೆಂಟರೊಬ್ಬರು, ವಯಸ್ಸಾದವರು, ಕಾಫಿ ಕುಡಿಯುತ್ತ ಹೇಳಿದರು, "ಪುಟ್ಟಸ್ವಾಮಿ ಒಳ್ಳೆ ಮನುಷ್ಯ. ಅದೊಂದು ಬಿಟ್ಟರೆ. ಹೆತ್ತವ್ವ ಸಾಯೋಕೆ ಮುಂಚೆನೇ ಭಾಗದ ಚೀಟಿ ಬರೆದಿಟ್ಟಿದ್ದ." ಮಂಜು ಅವರ ಲೋಟ ತೆಗೆದುಕೊಂಡು ಒಳಗೆ ಹೋದ. ಐವತ್ತರ ಹತ್ತಿರದ ಗಂಡಸು, ಅಪ್ಪನಿಗಾಗಿ ತಲೆ ಬೋಳಿಸಿಕೊಂಡಿದ್ದಾನೆ, ಈ ಮಾತಿಗೆ ತಲೆ ತಗ್ಗಿಸಿಕೊಂಡು ಹೋಗುವುದು ಅವನಿಗೆ ಹುಡುಗನಾಗಿದ್ದಾಗಿನಿಂದ ಅಭ್ಯಾಸವಾಗಿದೆ. ಅವತ್ತು ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಉಳಿದದ್ದನ್ನು ಮುಗಿಸಿದೆ. ಚಿಕ್ಕಪ್ಪ ಹೋದ ಮೇಲೆ ಉಳಿದವರು ಚಿಕ್ಕಮ್ಮ, ನಾನು, ಸರೋಜ, ಮಂಜು. 9133. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆಯನ್ನು ದಾಟುತ್ತದೋ ಅಲ್ಲಿಯವರೆಗೆ ಅವಿಭಾಜ್ಯಗಳಲ್ಲಿ ಭಾಗಿಸಿ ನೋಡಿದರೆ ಸಾಕು ಎಂದು ಅವನೇ ಹೇಳಿಕೊಟ್ಟಿದ್ದ. ತೊಂಬತ್ತಾರಕ್ಕೆ ದಾಟುತ್ತದೆ. ಎರಡರಿಂದ ಎಂಬತ್ತೊಂಬತ್ತರವರೆಗೆ ಇಪ್ಪತ್ತನಾಲ್ಕು ಭಾಗಾಕಾರ. ಏಳರಲ್ಲಿ ಶೇಷ ಐದು. ಇಪ್ಪತ್ತಮೂರರಲ್ಲಿ ಎರಡು. ಎಂಬತ್ತಮೂರರಲ್ಲಿ ಮೂರು. ಒಂದರಲ್ಲೂ ಸೊನ್ನೆ ಬರಲಿಲ್ಲ. ನನ್ನ ಕೈಯ ಮೇಲೆ ನಂಬಿಕೆ ಇಲ್ಲದೆ ಎಲ್ಲವನ್ನೂ ಎರಡು ಸಲ ಮಾಡಿದೆ.

ಹನ್ನೊಂದಕ್ಕೆ ಅದೇ ನೆಂಟರು ಬಂದಿದ್ದರು. ಊಟಕ್ಕೆ ಮೊದಲು ನಾನು ನೋಟ್‌ಬುಕ್ ಹಿಡಿದುಕೊಂಡು ನಡುಮನೆಯಲ್ಲಿ, ಅವರ ಕಡೆಯ ಅರ್ಧ ನಡುಮನೆಯಲ್ಲಿ, ನಿಂತು ಹೇಳಿದೆ. ಆ ಚೀಟಿಯಲ್ಲಿದ್ದ ಹನ್ನೊಂದು ದಿನವಲ್ಲ, ಭಾಗ ಮನೆಯದಲ್ಲ, ಅದು ಒಂದು ಸಂಖ್ಯೆಯ ಭಾಗಾಕಾರ, ಹಾಕು ಎಂದು ಪೀಡಿಸಿದವಳು ನಾನು, ಬಚ್ಚಿಟ್ಟವಳೂ ನಾನು ಎಂದೆ. ನನ್ನ ಹೆಸರು ಹೇಳಬಾರದೆಂದು ಅವನು ಸುಮ್ಮನಾದ, ನಾನೂ ಸುಮ್ಮನಿದ್ದುಬಿಟ್ಟೆ ಎಂದೆ. ನೆಂಟರು, "ಹೌದಾ? ಲೆಕ್ಕಾನಾ?" ಎಂದು ನೋಟ್‌ಬುಕ್ ಕಡೆ ನೋಡಿದರು. ಅವರಿಗೆಷ್ಟು ಅರ್ಥವಾಯಿತೋ ತಿಳಿಯದು. ಮಂಜು ಗೋಡೆಗೆ ಒರಗಿ ನಿಂತಿದ್ದ. ಆಮೇಲೆ, "ಅಕ್ಕ, ಇದನ್ನ ಹೋದ ತಿಂಗಳು ಹೇಳಿದ್ರೆ ಅಪ್ಪ ಕೇಳಿಸ್ಕೊತಿದ್ದ," ಎಂದ.

ಚಿಕ್ಕಮ್ಮ ಎಲೆ ಒರೆಸುತ್ತ ಕೂತಿದ್ದಳು.

"ನಂಗೆ ಗೊತ್ತಿತ್ತು," ಎಂದಳು. "ಅವತ್ತೇ ಹೇಳಿದ್ರು ನಿಮ್ಮ ಚಿಕ್ಕಪ್ಪ. ಆ ಮಗು ಕೇಳಿದ್ದು ಅಂದ್ರೆ ತಿಲಕ್ ನಗರದ ಅಕ್ಕ ಅದನ್ನ ಬದುಕೋಕೆ ಬಿಡಲ್ಲ, ನೀನೂ ಬಾಯಿ ಬಿಡಬೇಡ ಅಂದ್ರು. ಬಿಡಲಿಲ್ಲ. ನಿನ್ನ ಹತ್ರ ಎಷ್ಟು ವರ್ಷ ಮಾತಾಡಲಿಲ್ಲ ನಾನು, ನೆನಪಿದೆಯಾ?"

"ನೆನಪಿದೆ ಚಿಕ್ಕಮ್ಮ."

"ಯಾಕೆ ಅಂತ ಒಂದಿನಾನೂ ಕೇಳಲಿಲ್ಲ ನೀನು." ಒಂದು ಎಲೆ ತೆಗೆದು ನನ್ನ ಮುಂದೆ ಹಾಸಿದಳು. "ಈಗ ಕೂತ್ಕೊ. ಸರೋಜ, ನೀನೂ ಬಾರೆ. ಮಂಜು, ಗೋಡೆ ಏನು ಬಿದ್ದೋಗಲ್ಲ, ಬಿಟ್ಟು ಬಾ." ನಾವು ಕೂತ ಮೇಲೆ ನೋಟ್‌ಬುಕ್ ಕಡೆ ಗಲ್ಲ ಎತ್ತಿ ತೋರಿಸಿದಳು. "ಅದರಲ್ಲಿ ಏನಿದೆ?"

"ನಾವು ನಾಲ್ಕು..." ಎಂದು ಶುರುಮಾಡಿದೆ.

"ಎಲೆ ಮುಂದೆ ಎಣಿಸಬೇಡ."

ಹಾಗಾದರೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗ ಅವಳೇ ಹೇಳಿದಳು, ಅನ್ನದ ಸೌಟು ನಮ್ಮ ಎಲೆಗಳ ಮೇಲೆ ಹಾಯಿಸುತ್ತ, ಚಿಕ್ಕಪ್ಪನ ರಾಗದಲ್ಲೇ. "ಒಂಬತ್ತು, ಒಂದು, ಮೂರು, ಮೂರು."

ಮಂಜುವಿನ ಮಗಳು ಅನು ಹೈಸ್ಕೂಲಿನಲ್ಲಿದ್ದಾಳೆ. ಬಡಿಸುತ್ತಿದ್ದವಳು ಪಾಯಸದ ಪಾತ್ರೆ ಹಿಡಿದು ನಿಂತಳು. "ಅತ್ತೆ, ನಾನೆಲ್ಲಿ ಇದರಲ್ಲಿ?" ಎಂದಳು. ಹಳೇ ಸಂಖ್ಯೆಗೆ ಮುಂದೆ ಏನನ್ನೂ ಸೇರಿಸುವುದಕ್ಕೆ ಬರುವುದಿಲ್ಲ ಎಂದು ಹೇಳಲು ಹೋಗಿ ತಡೆದೆ. ಇದು ಹಳೆಯದಲ್ಲ, ಉಳಿದದ್ದು. ನೋಡಬೇಕು ಎಂದೆ. "ನಮ್ಮಮ್ಮನ ಅಂಕಿ ಆಮೇಲೆ ನೋಡಿ, ಮೊದಲು ನಂದು. ನಂಗೆ ಒಂದು ಹಾಕಿ, ನಿಮ್ಮದೂ ಒಂದೇ ಅಲ್ವಾ," ಎಂದಳು. ಫೋನಿನಲ್ಲಿ ಹಾಕಿದರೆ ಒಂದು ಸೆಕೆಂಡಿನ ಕೆಲಸವಂತೆ. ಬೇಡ, ಕೈಯಲ್ಲೇ ಮಾಡುತ್ತೇನೆ ಎಂದೆ. ಪಾಯಸ ಎಲ್ಲರಿಗೂ ಬಂತು. ಪಾತ್ರೆ ವಾಪಸು ಒಯ್ಯುವಾಗ ಚಿಕ್ಕಮ್ಮ, "ತಳ ಬಳೀಬೇಡ ಕಣೆ," ಎಂದು ಕೂಗಿದಳು.

ಮಿಷನ್ ಮೇಲಿನ ಬಟ್ಟೆ ತೆಗೆದು ಎರಡು ವಾರವಾಯಿತು. ರವಿಕೆಗಳು ತಡವಾಗಿವೆ ಎಂದು ಗಿರಾಕಿಗಳು ಬೈಯುತ್ತಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಕತ್ತರಿ ಹಲಗೆಯನ್ನು ಖಾಲಿ ಮಾಡಿಕೊಂಡು ದಿನಕ್ಕೆ ಎರಡೋ ಮೂರೋ ಭಾಗಾಕಾರ ಮಾಡುತ್ತೇನೆ. ಅನುವಿನ ಒಂದು ಸೇರಿ 91331. ಮುನ್ನೂರ ಎರಡರವರೆಗೂ ನೋಡಬೇಕು, ಇನ್ನೂ ಅರ್ಧ ದಾರಿಗೂ ಬಂದಿಲ್ಲ. ಸದ್ಯಕ್ಕೆ ಎಲ್ಲೂ ಭಾಗವಾಗಿಲ್ಲ. ಇವತ್ತು ನೂರ ಮೂವತ್ತೊಂಬತ್ತರಲ್ಲಿ ಭಾಗಿಸಿದೆ. ಶೇಷ ಎಂಟು ಉಳಿಯಿತು.